ಒಮ್ಮೆ ಕೊಂಡ ಯೀಸ್ಟ್, ನಾಲ್ಕು ಬಿಯರ್: ಮನೆಯಲ್ಲಿ ಯೀಸ್ಟ್ ಎತ್ತಿಟ್ಟು ಮತ್ತೆ ಬಳಸುವ ಬಗೆ

ಬಿಯರನ್ನು ಬಾಟಲಿಗೆ ತುಂಬಿದ ಮೇಲೆ ಫರ್ಮೆಂಟರ್, ಅಂದರೆ ಬಿಯರ್ ಹುದುಗುವ ಬಕೆಟ್ಟಿನ ತಳದಲ್ಲಿ ಕೆನೆ ಬಣ್ಣದ ಗಸಿ ಉಳಿಯುತ್ತದೆ. ಅದನ್ನು ಸಿಂಕಿಗೆ ಸುರಿಯಬೇಡಿ. ಮನೆಯಲ್ಲಿ ಬಿಯರ್ ಮಾಡಲು ಹೊಸದಾಗಿ ಶುರು ಮಾಡಿದವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ನೀವು ಹಾಕಿದ ಯೀಸ್ಟ್ ವರ್ಟ್‌ನ (ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದ ಸಿಹಿ ರಸದ) ಸಕ್ಕರೆ ತಿಂದು ಮೂರರಿಂದ ಐದು ಪಟ್ಟು ಬೆಳೆದಿರುತ್ತದೆ. ಒಂದು ಪ್ಯಾಕೆಟ್ ಕೊಂಡಿರಿ, ಒಂದು ಬಿಯರ್ ಮಾಡಿದಿರಿ. ಇನ್ನೂ ಎರಡು ಮೂರು ಬಿಯರಿಗೆ ಆಗುವಷ್ಟು ಯೀಸ್ಟ್ ನಿಮ್ಮ ಬಕೆಟ್ಟಿನಲ್ಲೇ ಇದೆ. ದಿನಾ ಮೊಸರಿಗೆ ಹೆಪ್ಪು ಎತ್ತಿಡುವ ನಮ್ಮ ಮಂದಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ, ಅಲ್ವಾ?

ನಾನಿರುವುದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್‌ಟನ್‌ನಲ್ಲಿ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂ ಬೆಳೆಯುವ ವಿಲಾಮೆಟ್ ಕಣಿವೆ ಇಲ್ಲೇ ಇದೆ. ಯೀಸ್ಟ್ ತಯಾರಿಸುವ ವೈಯೀಸ್ಟ್ ಕಂಪನಿಯ ಊರಾದ ಓಡೆಲ್ ಕೂಡ ಇದೇ ರಾಜ್ಯದ ಹುಡ್ ರಿವರ್ ಕಣಿವೆಯಲ್ಲಿದೆ. ಹಾಗಾಗಿ ತಾಜಾ ಯೀಸ್ಟಿಗೆ ಇಲ್ಲಿ ಬರವಿಲ್ಲ. ಆದರೂ ನಾನು ಎತ್ತಿಡುತ್ತೇನೆ. ದ್ರವ ಯೀಸ್ಟ್ ಪ್ಯಾಕೆಟ್ಟಿನ ಬೆಲೆ ಹತ್ತು ಡಾಲರ್ ದಾಟಿದೆ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ರುಚಿ. ಪ್ಯಾಕೆಟ್ಟಿನಿಂದ ನೇರವಾಗಿ ಬಂದ ಯೀಸ್ಟಿಗಿಂತ ಎರಡನೇ, ಮೂರನೇ ತಲೆಮಾರಿನದು ಬೇಗ ಕೆಲಸ ಶುರು ಮಾಡುತ್ತದೆ, ಸ್ವಚ್ಛವಾಗಿ ಮುಗಿಸುತ್ತದೆ. ನನ್ನ ನಾಲಿಗೆಗೆ ಅದು ಚೆನ್ನಾಗಿ ಗೊತ್ತಾಗುತ್ತದೆ.

ಮುಂದೆ ಹೋಗುವ ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡಲು ಒಪ್ಪಿಗೆ ಕೊಡುವ ಕಾಯ್ದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರ ಅಕ್ಟೋಬರಿನಲ್ಲಿ. ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಮಾಡಬಹುದು. ಮಾರುವಂತಿಲ್ಲ. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ನೀವಿರುವ ಜಾಗದ ಕಾನೂನು ನೋಡಿಕೊಂಡೇ ಕೈ ಹಾಕಿ.

ಯಾವ ಬಿಯರಿನಿಂದ ಎತ್ತಿಡಬೇಕು?

ಎಲ್ಲ ಬಿಯರಿನ ಗಸಿಯೂ ಎತ್ತಿಡಲು ಯೋಗ್ಯವಲ್ಲ. ತೆಳು ಬಣ್ಣದ, ಹಾಪ್ಸ್ ಕಡಿಮೆ ಇರುವ, ಸಾಧಾರಣ ಗಟ್ಟಿಯ ಬಿಯರ್ ಬೇಕು. ಶುರುವಿನ ಗ್ರಾವಿಟಿ (ನೀರಿಗೆ ಹೋಲಿಸಿದರೆ ವರ್ಟ್‌ನ ಸಾಂದ್ರತೆ; ಸಕ್ಕರೆ ಜಾಸ್ತಿಯಾದಷ್ಟೂ ಇದೂ ಜಾಸ್ತಿ) 1.060ರ ಒಳಗಿದ್ದರೆ ಒಳ್ಳೆಯದು. ಆಲ್ಕೋಹಾಲ್ ಜಾಸ್ತಿ ಇರುವ ಬಿಯರಿನಲ್ಲಿ ಯೀಸ್ಟ್ ಸೊರಗಿರುತ್ತದೆ. ಅದನ್ನು ಇನ್ನೊಂದು ಸುತ್ತು ದುಡಿಸುವುದು ನ್ಯಾಯವಲ್ಲ. ಡ್ರೈ ಹಾಪ್ ಮಾಡಿದ, ಅಂದರೆ ಫರ್ಮೆಂಟರಿಗೇ ಹಾಪ್ಸ್ ಹಾಕಿದ ಐಪಿಎ (ಹಾಪ್ಸ್ ಜಾಸ್ತಿ ಇರುವ ಕಹಿ ಬಿಯರ್) ಆದರೆ ಗಸಿಯ ತುಂಬ ಹಾಪ್ಸ್ ಪುಡಿ ಇರುತ್ತದೆ. ಹಣ್ಣು, ಕಾಫಿ, ಮಸಾಲೆ ಹಾಕಿದ್ದರೆ ಆ ವಾಸನೆ ಮುಂದಿನ ಬಿಯರಿಗೂ ಬರುತ್ತದೆ. ಹುಳಿ ಬಿಯರ್, ಬ್ರೆಟ್ ಎಂಬ ಕಾಡು ಯೀಸ್ಟ್ ಹಾಕಿದ ಬಿಯರ್, ಹುದುಗುವುದು ನಡುವೆಯೇ ನಿಂತುಹೋದ ಬಿಯರ್ ಇವುಗಳಿಂದ ಎತ್ತಿಡುವ ಯೋಚನೆಯೇ ಬೇಡ.

ಹಾಗಾಗಿ ಬಿಯರುಗಳ ಸಾಲನ್ನು ಮೊದಲೇ ಯೋಚಿಸಿಕೊಳ್ಳಬೇಕು. ತೆಳುವಿನಿಂದ ಕಪ್ಪಿಗೆ, ಹಗುರದಿಂದ ಗಟ್ಟಿಗೆ, ಕಹಿ ಕಡಿಮೆ ಇರುವುದರಿಂದ ಕಹಿ ಜಾಸ್ತಿ ಇರುವುದಕ್ಕೆ ಹೋಗಬೇಕು. ನಾನು ವೈಯೀಸ್ಟ್ 1056 ಎಂಬ ಏಲ್ ಯೀಸ್ಟ್ ತಂದರೆ ಮೊದಲು 1.046 ಗ್ರಾವಿಟಿಯ, ತೆಳು ಬಣ್ಣದ ಬ್ಲಾಂಡ್ ಏಲ್ ಮಾಡುತ್ತೇನೆ. ಅದರ ಗಸಿಯಿಂದ ಪೇಲ್ ಏಲ್. ಅದರಿಂದ ಐಪಿಎ. ಬ್ಲಾಂಡ್ ಅಥವಾ ಪೇಲ್ ಏಲ್‌ನ ಇನ್ನೊಂದು ಜಾರ್ ಉಳಿದಿದ್ದರೆ ಕೊನೆಗೆ ಚಳಿಗಾಲದ ಕಪ್ಪು, ಗಟ್ಟಿ ಇಂಪೀರಿಯಲ್ ಸ್ಟೌಟ್. ಸ್ಟೌಟ್ ಆದ ಮೇಲೆ ಆ ಸಾಲು ಅಲ್ಲಿಗೆ ಮುಗಿಯಿತು. ಅದರ ಗಸಿ ಗಿಡಗಳ ಬುಡಕ್ಕೆ.

ಎತ್ತಿಡುವ ದಿನ

ಗ್ರಾವಿಟಿ ಎರಡು ಮೂರು ದಿನ ಕದಲದೆ ನಿಂತ ಮೇಲೆ ಫರ್ಮೆಂಟರನ್ನು ಒಂದೆರಡು ದಿನ ತಣ್ಣಗಿಡಿ. ಯೀಸ್ಟ್ ಕೆಳಗೆ ಕೂರುತ್ತದೆ. ಬಿಯರನ್ನು ಆದಷ್ಟು ಬೇಗ ಬಾಟಲಿಗೋ ಕೆಗ್‌ಗೋ ಇಳಿಸಿ. ವಾರಗಟ್ಟಲೆ ಹಾಗೇ ಬಿಟ್ಟ ಗಸಿಯಲ್ಲಿ ಸತ್ತ ಕೋಶಗಳು ಜಾಸ್ತಿಯಾಗುತ್ತಾ ಹೋಗುತ್ತವೆ.

ಜಾರುಗಳನ್ನು ಹಿಂದಿನ ದಿನವೇ ತಯಾರು ಮಾಡಿಕೊಳ್ಳಿ. ನನ್ನದು ಅಗಲ ಬಾಯಿಯ ಅರ್ಧ ಲೀಟರಿನ ಮೇಸನ್ ಜಾರ್. ಉಪ್ಪಿನಕಾಯಿ ಹಾಕಿದ್ದ ಜಾರ್ ಬೇಡ, ಮುಚ್ಚಳದ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ಊರಿಂದ ತಂದ ಪ್ರೆಷರ್ ಕುಕ್ಕರ್ ಇಲ್ಲಿ ಬಹಳ ಉಪಕಾರಕ್ಕೆ ಬರುತ್ತದೆ. ತಳಕ್ಕೆ ಎರಡು ಇಂಚು ನೀರು ಹಾಕಿ, ತಟ್ಟೆಯ ಮೇಲೆ ಜಾರುಗಳನ್ನು ಇಟ್ಟು, ಮುಚ್ಚಳ ಸಡಿಲ ಬಿಟ್ಟು, ಮೇಲೆ ಫಾಯಿಲ್ ಸುತ್ತಿ. ಮೊದಲ ವಿಶಲ್ ಬಂದ ಮೇಲೆ ಉರಿ ತಗ್ಗಿಸಿ 20 ನಿಮಿಷ ಇಡಿ. ಒಳಗೆ ಸುಮಾರು 120 ಡಿಗ್ರಿ ಶಾಖ ಇರುತ್ತದೆ, ಬರೀ ಕುದಿಸಿದರೆ ಸಾಯದ ಜೀವಾಣುಗಳೂ ಸಾಯುತ್ತವೆ. ಕುಕ್ಕರ್ ತಾನೇ ತಣಿಯಲಿ, ಅವಸರಕ್ಕೆ ತಣ್ಣೀರು ಹೊಯ್ದರೆ ಗಾಜು ಸೀಳುತ್ತದೆ. ಕುಕ್ಕರ್ ಇಲ್ಲದವರು ಸ್ಟಾರ್ ಸ್ಯಾನ್ ಎಂಬ ಸ್ಯಾನಿಟೈಸರಿನ ದ್ರಾವಣದಲ್ಲಿ ಜಾರುಗಳನ್ನು ಅದ್ದಿದರೂ ಸಾಕು. ಲೀಟರಿಗೆ ಒಂದೂವರೆ ಮಿಲಿಲೀಟರ್ ಅಳತೆ. ಒಂದೆರಡು ನಿಮಿಷ ನೆನೆದರೆ ಆಯಿತು, ನೊರೆಯನ್ನು ತೊಳೆಯಬಾರದು.

ಬಿಯರ್ ಇಳಿಸುವಾಗ ಗಸಿಯ ಮೇಲೆ ಒಂದು ಲೋಟದಷ್ಟು ಬಿಯರ್ ಬಿಡಿ. ಫರ್ಮೆಂಟರನ್ನು ಮೆಲ್ಲಗೆ ಸುತ್ತಿಸಿ, ಗಸಿ ಕದಡಿ ಹರಿಯುವಂತಾಗಲಿ. ಸುರಿಯುವ ಅಂಚನ್ನು ಸ್ಯಾನಿಟೈಸರ್ ಬಟ್ಟೆಯಿಂದ ಒರೆಸಿ. ಒಂದೆರಡು ನಿಮಿಷ ಬಿಟ್ಟರೆ ಭಾರದ ಕಸ, ಅಂದರೆ ಹಾಪ್ಸ್ ಚೂರು ಮತ್ತು ಮಾಲ್ಟಿನ ಪ್ರೋಟೀನ್ ಮುದ್ದೆ, ಮೊದಲು ಕೆಳಗಿಳಿಯುತ್ತದೆ. ಆಮೇಲೆ ಮೇಲಿನ ಕೆನೆಯಂಥ ಭಾಗವನ್ನು ಜಾರಿಗೆ ಸುರಿಯಿರಿ. ಮುಕ್ಕಾಲು ಭಾಗ ಮಾತ್ರ ತುಂಬಿ. ತಳದಲ್ಲಿ ಕೊನೆಗೆ ಉಳಿಯುವ ಕಂದು ಮುದ್ದೆ ಬೇಡ. ಈ ಕೆಲಸವೆಲ್ಲ ಹತ್ತು ನಿಮಿಷದ್ದು. ಅಡುಗೆಮನೆಯ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಗಾಳಿಯಲ್ಲಿ ತೇಲುವ ಧೂಳಿನಲ್ಲೇ ಕಾಡು ಯೀಸ್ಟ್, ಬ್ಯಾಕ್ಟೀರಿಯಾ ಎಲ್ಲ ಇರುತ್ತವೆ.

ಮುಚ್ಚಳ. ಈ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಗಾಜಿನ ಜಾರಿನ ಮುಚ್ಚಳವನ್ನು ಎಂದೂ ಬಿಗಿಯಬಾರದು. ಫ್ರಿಜ್ಜಿನಲ್ಲಿದ್ದರೂ ಯೀಸ್ಟ್ ಉಳಿದ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತದೆ, ಗ್ಯಾಸ್ ಬಿಡುತ್ತಲೇ ಇರುತ್ತದೆ. ಬಿಗಿದ ಜಾರ್ ಸಿಡಿದರೆ ಗಾಜಿನ ಚೂರು ಮಕ್ಕಳಿಗೋ ದೊಡ್ಡವರಿಗೋ ತಾಗುತ್ತದೆ. ಮುಚ್ಚಳ ತಿರುಗಿಸಿ, ಆಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಿ. ಗ್ಯಾಸ್ ಹೊರಗೆ ಹೋಗಬೇಕು, ಧೂಳು ಒಳಗೆ ಬರಬಾರದು. ಅಷ್ಟೇ.

ಜಾರಿನ ಮೇಲೆ ಚೀಟಿ ಅಂಟಿಸಿ. ಲ್ಯಾಬಿನಲ್ಲಿ ಹೆಸರು, ತಾರೀಕು ಇಲ್ಲದ ಸ್ಯಾಂಪಲ್ ಬಂದರೆ ಅದನ್ನು ಪರೀಕ್ಷೆಗೇ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲೂ ನನಗೆ ಅದೇ ನಿಯಮ. ಯೀಸ್ಟಿನ ಹೆಸರು, ಯಾವ ಬಿಯರಿನದು, ಅದರ ಶುರುವಿನ ಗ್ರಾವಿಟಿ, ಎಷ್ಟನೇ ತಲೆಮಾರು, ಎತ್ತಿಟ್ಟ ತಾರೀಕು. ಇಷ್ಟೂ ಬೇಕು. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಹಿಂದಕ್ಕೆ ಇಡಿ. 2ರಿಂದ 4 ಡಿಗ್ರಿ ಸಾಕು. ಫ್ರೀಜರಿಗೆ ಹಾಕಬೇಡಿ, ನೀರು ಹರಳಾಗಿ ಕೋಶಗಳು ಒಡೆಯುತ್ತವೆ.

ತೊಳೆಯಬೇಕೇ?

ಇದಕ್ಕೆ ನನ್ನ ಉತ್ತರ ನೇರ: ಬೇಡ. ಕುದಿಸಿ ತಣಿಸಿದ ನೀರನ್ನು ಗಸಿಗೆ ಹಾಕಿ, ಕದಡಿ, ಕಸ ತಳ ಕಂಡ ಮೇಲೆ ಮೇಲಿನ ಹಾಲಿನಂಥ ಭಾಗವನ್ನು ಬೇರೆ ಜಾರಿಗೆ ಬಸಿಯುವ ಪದ್ಧತಿ ಬಹಳ ಕಾಲದಿಂದ ನಡೆದು ಬಂದಿದೆ. ನೋಡಲು ಚಂದ. ಜಾರಿನಲ್ಲಿ ಬೆಳ್ಳಗೆ ಪದರ ಕೂರುತ್ತದೆ. ಆದರೆ ಇದು ಕಸ ಬೇರ್ಪಡಿಸುವ ಕೆಲಸ ಮಾತ್ರ. ಬ್ಯಾಕ್ಟೀರಿಯಾ ಸೇರಿದ್ದರೆ ನೀರಿನಿಂದ ಅದೇನೂ ಸಾಯುವುದಿಲ್ಲ. ಬದಲಿಗೆ ಯೀಸ್ಟಿಗೆ ಇದ್ದ ಕಾವಲೇ ಹೋಗುತ್ತದೆ. ಬಿಯರಿನಲ್ಲಿ ಆಲ್ಕೋಹಾಲ್ ಇದೆ, ಹಾಪ್ಸ್ ಇದೆ, ಹುಳಿ ಅಂಶ ಇದೆ. ಬಿಯರಿನ ಪಿಎಚ್ 4ರಿಂದ 4.5ರ ಆಸುಪಾಸು ಇರುವುದರಿಂದ ಬೇಡದ ಜೀವಾಣುಗಳು ಸುಲಭವಾಗಿ ಬೆಳೆಯುವುದಿಲ್ಲ. ನೀರಿನಲ್ಲಿ ಇದ್ಯಾವುದೂ ಇಲ್ಲ. ಒಂದೊಂದು ಸಲ ಸುರಿದಾಗಲೂ, ಒಂದೊಂದು ಜಾರ್ ಬದಲಾಯಿಸಿದಾಗಲೂ ಹೊರಗಿನದು ಒಳಗೆ ಬರಲು ದಾರಿಯಾಗುತ್ತದೆ. ಸುಮ್ನೆ ಯೀಸ್ಟನ್ನು ಅದರ ಬಿಯರಿನ ಕೆಳಗೇ ಬಿಡಿ. ಸ್ವಲ್ಪ ಕಸ ಇದ್ದರೆ ಏನೂ ಆಗುವುದಿಲ್ಲ.

ದೊಡ್ಡ ಬ್ರೂವರಿಗಳಲ್ಲಿ ಫಾಸ್ಫಾರಿಕ್ ಆಸಿಡ್ ಹಾಕಿ ಪಿಎಚ್ 2ರ ಹತ್ತಿರಕ್ಕೆ ಇಳಿಸಿ ತೊಳೆಯುವುದುಂಟು. ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಕಾಡು ಯೀಸ್ಟನ್ನು ಕೊಲ್ಲುವುದಿಲ್ಲ. ಯೀಸ್ಟಿಗೂ ಪೆಟ್ಟು. ಮನೆಯಲ್ಲಿ ಯಾರಿಗೂ ಬೇಡ.

ಎಷ್ಟು ಹಾಕಬೇಕು?

ಎತ್ತಿಟ್ಟ ಯೀಸ್ಟಿನಲ್ಲಿ ಜನ ಎಡವುವುದು ಇಲ್ಲೇ. ಒಬ್ಬರು ಎರಡು ಚಮಚ ಹಾಕುತ್ತಾರೆ, ಇನ್ನೊಬ್ಬರು ಇಡೀ ಗಸಿಯ ಮೇಲೇ ಹೊಸ ವರ್ಟ್ ಸುರಿಯುತ್ತಾರೆ. ಕಡಿಮೆಯಾದರೆ ಶುರುವಾಗಲು ತಡ, ಆ ಹೊತ್ತಿನಲ್ಲಿ ಬೇರೆ ಜೀವಾಣುಗಳು ಜಾಗ ಹಿಡಿಯುತ್ತವೆ. ಜಾಸ್ತಿಯಾದರೆ ಯೀಸ್ಟ್ ಹೊಸದಾಗಿ ಬೆಳೆಯುವುದೇ ಇಲ್ಲ, ಮುದಿ ಕೋಶಗಳೇ ತುಂಬಿಕೊಳ್ಳುತ್ತವೆ, ಬಿಯರಿನ ಹಣ್ಣಿನ ಪರಿಮಳ ಸಪ್ಪೆಯಾಗುತ್ತದೆ.

ಬಳಕೆಯಲ್ಲಿರುವ ಲೆಕ್ಕ ಹೀಗೆ. ಏಲ್‌ಗೆ ಒಂದು ಮಿಲಿಲೀಟರ್ ವರ್ಟ್‌ಗೆ, ಒಂದು ಡಿಗ್ರಿ ಪ್ಲೇಟೋಗೆ (ವರ್ಟ್‌ನಲ್ಲಿರುವ ಸಕ್ಕರೆಯ ಶೇಕಡಾವಾರು ಅಳತೆ) ಏಳೂವರೆ ಲಕ್ಷ ಜೀವಂತ ಕೋಶಗಳು ಬೇಕು. ತಣ್ಣಗೆ ಹುದುಗುವ ಲಾಗರ್‌ಗೆ ಅದರ ಎರಡರಷ್ಟು. 1.048 ಗ್ರಾವಿಟಿ ಅಂದರೆ ಸುಮಾರು 12 ಪ್ಲೇಟೋ. 20 ಲೀಟರಿಗೆ ಗುಣಿಸಿದರೆ 18,000 ಕೋಟಿ ಕೋಶಗಳು. ಚೆನ್ನಾಗಿ ಕೂತ ಗಟ್ಟಿ ಗಸಿಯಲ್ಲಿ ಮಿಲಿಲೀಟರಿಗೆ ಸುಮಾರು 100 ಕೋಟಿ ಎಂದು ಹಿಡಿಯಬಹುದು. ಹಾಗಾದರೆ ತಾಜಾ ಗಸಿ 180 ಮಿಲಿಲೀಟರ್ ಬೇಕು. ಅಳೆಯುವುದು ಮೇಲಿನ ಬಿಯರನ್ನಲ್ಲ, ಕೆಳಗೆ ಕೂತ ಗಸಿಯನ್ನು. ಅದಕ್ಕೇ ಗೆರೆ ಇರುವ ಜಾರ್ ಒಳ್ಳೆಯದು.

ದಿನ ಕಳೆದಂತೆ ಕೋಶಗಳು ಸಾಯುತ್ತವೆ. ಒಂದು ವಾರದ ಒಳಗಿನದಾದರೆ ಮೇಲಿನ ಲೆಕ್ಕ ಸರಿ. ಎರಡು ವಾರವಾಗಿದ್ದರೆ 200ರ ಮೇಲೆ ಹಾಕಿ. ತಿಂಗಳಾಗಿದ್ದರೆ ಅರ್ಧ ಸತ್ತಿದೆ ಎಂದೇ ಇಟ್ಟುಕೊಂಡು ಎರಡರಷ್ಟು ಹಾಕುತ್ತೇನೆ. ಎರಡು ತಿಂಗಳು ದಾಟಿದರೆ ನೇರ ಹಾಕಬೇಡಿ, ಸ್ಟಾರ್ಟರ್, ಅಂದರೆ ಯೀಸ್ಟ್ ಬೆಳೆಸಲು ಸ್ವಲ್ಪವೇ ವರ್ಟ್ ಮಾಡಿ. ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ ಹಾಕಿ, 10 ನಿಮಿಷ ಕುದಿಸಿ, 20 ಡಿಗ್ರಿಗೆ ತಣಿಸಿ, ಹಳೇ ಗಸಿ 50–100 ಮಿಲಿಲೀಟರ್ ಸೇರಿಸಿ. ಬಾಯಿಗೆ ಫಾಯಿಲ್ ಮುಚ್ಚಿ, ಆಗಾಗ ಅಲ್ಲಾಡಿಸುತ್ತಾ ಒಂದೂವರೆ ದಿನ ಬಿಡಿ. ನೊರೆ ಬಂದು ವಾಸನೆ ಚೆನ್ನಾಗಿದ್ದರೆ ಯೀಸ್ಟ್ ಬದುಕಿದೆ.

ನನ್ನ ಹತ್ತಿರ ಸೂಕ್ಷ್ಮದರ್ಶಕ ಇದೆ. ಹಾಗಾಗಿ ಒಂದು ಹನಿಗೆ ಮೆಥಿಲೀನ್ ಬ್ಲೂ ಹಾಕಿ ನೋಡುತ್ತೇನೆ. ಬದುಕಿರುವ ಕೋಶ ಆ ಬಣ್ಣವನ್ನು ಕಳೆದುಬಿಡುತ್ತದೆ, ಸತ್ತದ್ದು ನೀಲಿಯಾಗಿಯೇ ಉಳಿಯುತ್ತದೆ. 400 ಪಟ್ಟು ದೊಡ್ಡದು ಮಾಡಿ ನೋಡಿದಾಗ ಮೊಗ್ಗು ಬಿಡುತ್ತಿರುವ ಕೋಶ ಕಂಡರೆ ಈಗಲೂ ಖುಷಿಯಾಗುತ್ತದೆ. ಸತ್ತ ಕೋಶ ಜಾಸ್ತಿ ಇದ್ದಾಗ ಈ ಬಣ್ಣದ ಲೆಕ್ಕವನ್ನು ಅಷ್ಟಾಗಿ ನಂಬುವಂತಿಲ್ಲ. ಸೂಕ್ಷ್ಮದರ್ಶಕ ಇಲ್ಲದಿದ್ದರೂ ಏನೂ ಕೊರತೆಯಿಲ್ಲ. ತಾರೀಕು, ಕಣ್ಣು, ಮೂಗು ಈ ಮೂರು ಸಾಕು.

ಕಣ್ಣಿಗೆ ಗಸಿ ಕೆನೆ ಬಣ್ಣವೋ ತೆಳು ಕಂದೋ ಇರಬೇಕು. ಗಾಢ ಕಂದಾದರೆ ಮುದಿಯಾಗಿದೆ. ಗುಲಾಬಿ, ಹಸಿರು, ಮೇಲೆ ಪೊರೆ ಕಂಡರೆ ಯೋಚಿಸದೆ ಎಸೆಯಿರಿ. ಮೂಗಿಗೆ ಬ್ರೆಡ್ಡಿನ, ತಾಜಾ ಬಿಯರಿನ ವಾಸನೆ ಬರಬೇಕು. ವಿನೆಗರ್ ವಾಸನೆ ಬಂದರೆ ಬ್ಯಾಕ್ಟೀರಿಯಾ. ಸುಟ್ಟ ರಬ್ಬರ್ ಅಥವಾ ಮಾಂಸದ ಸಾರಿನ ವಾಸನೆ ಬಂದರೆ ಕೋಶಗಳು ಸತ್ತು ಒಡೆದಿವೆ. ಅನುಮಾನ ಬಂದರೂ ಸಾಕು, ಎಸೆಯಬೇಕು. ಇಡೀ ದಿನದ ದುಡಿಮೆ, 20 ಲೀಟರ್ ವರ್ಟ್ ಒಂದು ಕಡೆ. ಒಂದು ಜಾರ್ ಗಸಿ ಒಂದು ಕಡೆ. ಅದಕ್ಕೇ ಒಣ ಯೀಸ್ಟಿನ ಒಂದು ಪ್ಯಾಕೆಟ್ ಸದಾ ಫ್ರಿಜ್ಜಿನಲ್ಲಿರಲಿ.

ಮತ್ತೆ ಬಳಸುವ ದಿನ

ವರ್ಟ್ ಕುದಿಯಲು ಇಟ್ಟಾಗ ಜಾರನ್ನು ಹೊರಗೆ ತೆಗೆದಿಡಿ. ಮೇಲಿನ ಹಳೇ ಬಿಯರನ್ನು ಬಗ್ಗಿಸಿ ಚೆಲ್ಲಿ, ಗಸಿ ಕದಡುವಷ್ಟು ಮಾತ್ರ ಬಿಡಿ. ಜಾರಿನ ಬಾಯಿ ಒರೆಸಿ, ಅಳೆದು ಸುರಿಯಿರಿ.

ಇಲ್ಲೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಒಣ ಯೀಸ್ಟ್ ಪ್ಯಾಕೆಟ್, ಉದಾಹರಣೆಗೆ ಯುಎಸ್-05 ಮೊದಲ ಸಲ ಹಾಕುವಾಗ ವರ್ಟ್‌ಗೆ ಗಾಳಿ ಕೊಡಬೇಕಾಗಿಲ್ಲ. ಕಾರ್ಖಾನೆಯಲ್ಲಿ ಗಾಳಿ ಕೊಟ್ಟೇ ಬೆಳೆಸಿರುವುದರಿಂದ ಕೋಶದ ಗೋಡೆಗೆ ಅಂಟಿದ ಪೊರೆಗೆ ಬೇಕಾದ ಕೊಬ್ಬಿನಂಶ ಅದರಲ್ಲಿ ಮೊದಲೇ ಇರುತ್ತದೆ. ಅದೇ ಯೀಸ್ಟನ್ನು ಎರಡನೇ ಸಲ ಬಳಸುವಾಗ ಆ ಸಂಗ್ರಹ ಖಾಲಿಯಾಗಿರುತ್ತದೆ. ಆಗ ಆಮ್ಲಜನಕ ಬೇಕೇ ಬೇಕು. ತಣಿದ ವರ್ಟನ್ನು ಐದು ನಿಮಿಷ ಜೋರಾಗಿ ಅಲ್ಲಾಡಿಸಿ. ಆಮ್ಲಜನಕದ ಸಿಲಿಂಡರ್ ಮತ್ತು ಸಣ್ಣ ಗುಳ್ಳೆ ಬಿಡುವ ಕಲ್ಲು ಇದ್ದರೆ ಒಂದು ನಿಮಿಷ ಬಿಡಿ. ಮೊದಲ ಸಲ ಚೆನ್ನಾಗಿ ಬಂದ ಬಿಯರ್ ಎರಡನೇ ಸಲ ಕುಂಟುತ್ತಿದ್ದರೆ ಹೆಚ್ಚಿನಂಶ ಕಾರಣ ಇದೇ.

ತಾಜಾ ಗಸಿ ಬಹಳ ಬೇಗ ಶುರು ಮಾಡುತ್ತದೆ. ಸಂಜೆ ಹಾಕಿದರೆ ಬೆಳಗಾಗುವಷ್ಟರಲ್ಲಿ ನೊರೆ ಎದ್ದಿರುತ್ತದೆ. ಜೊತೆಗೆ ಬಿಸಿಯೂ ಏರುತ್ತದೆ. ವರ್ಟನ್ನು 18 ಡಿಗ್ರಿಗೆ ತಣಿಸಿಯೇ ಯೀಸ್ಟ್ ಹಾಕಿ. ಗ್ಯಾಸ್ ಹೊರಬಿಡುವ ಏರ್‌ಲಾಕ್ ಬದಲು ದಪ್ಪ ಪೈಪು ಇಟ್ಟರೆ ನೊರೆ ಉಕ್ಕಿದರೂ ತೊಂದರೆಯಿಲ್ಲ.

ಎಷ್ಟು ತಲೆಮಾರು? ಮನೆಯಲ್ಲಿ ನಾಲ್ಕೈದು ಸಾಕು ಎನ್ನುವುದು ನನ್ನ ಅಭಿಪ್ರಾಯ. ಅಷ್ಟರಲ್ಲಿ ಕಣ್ಣಿಗೆ ಕಾಣದ ಬೆರಕೆ ಸ್ವಲ್ಪ ಸ್ವಲ್ಪವೇ ಸೇರಿರುತ್ತದೆ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ಬಿಯರ್ ಕೆಡುತ್ತಿದ್ದಾಗ ವಿಜ್ಞಾನಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಕಂಡುಕೊಂಡದ್ದೂ ಇದನ್ನೇ. ಒಳ್ಳೆಯ ಯೀಸ್ಟಿನ ಜೊತೆ ಕಾಡು ಯೀಸ್ಟ್ ಸೇರಿಕೊಂಡಿತ್ತು. 1883ರಲ್ಲಿ ಅವರು ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದರು. ಕಾರ್ಲ್ಸ್‌ಬರ್ಗ್ ಅದನ್ನು ಬೇರೆ ಬ್ರೂವರಿಗಳಿಗೂ ಹಂಚಿತು. ನಾವು ಇವತ್ತು ಅಂಗಡಿಯಲ್ಲಿ ಹೆಸರು, ನಂಬರ್ ನೋಡಿ ಯೀಸ್ಟ್ ಕೊಳ್ಳಲು ಆಗುತ್ತಿರುವುದು ಆ ಕೆಲಸದಿಂದ. ಮಧ್ಯೆ ಮಧ್ಯೆ ಹೊಸ ಪ್ಯಾಕೆಟ್ಟಿಗೆ ಮರಳುವುದು ಅದಕ್ಕೇ ಒಳ್ಳೆಯದು.

ಬೆರಕೆಯಲ್ಲಿ ನಾನು ತುಂಬ ಹೆದರುವುದು ಡಯಾಸ್ಟಾಟಿಕಸ್ ಜಾತಿಯ ಯೀಸ್ಟಿಗೆ. ವೈಯೀಸ್ಟ್ 3711 ಮುಂತಾದ ಕೆಲವು ಸೇಸಾನ್ (ಬೆಲ್ಜಿಯಂ ಮೂಲದ ಒಂದು ಬಗೆಯ ಬಿಯರ್) ಯೀಸ್ಟ್ ಈ ಗುಂಪಿನದು. ಬೇರೆ ಯೀಸ್ಟ್ ತಿನ್ನಲಾಗದ ಡೆಕ್ಸ್‌ಟ್ರಿನ್ ಎಂಬ ಉದ್ದ ಸಕ್ಕರೆ ಸರಪಳಿಗಳನ್ನೂ ಇದು ಒಡೆದು ತಿನ್ನುತ್ತದೆ. ಇದರ ಒಂದಿಷ್ಟು ಕೋಶ ಪೇಲ್ ಏಲ್ ಗಸಿಗೆ ಸೇರಿದರೆ ಬಾಟಲಿಯಲ್ಲಿ ಗ್ಯಾಸ್ ಏರುತ್ತಲೇ ಹೋಗುತ್ತದೆ, ಬಾಟಲಿಯೇ ಸಿಡಿಯಬಹುದು. ಸೇಸಾನಿಗೆ ಬೇರೆ ಬಕೆಟ್, ಬೇರೆ ಪೈಪು, ಬೇರೆ ಜಾರ್ ಇಟ್ಟಿದ್ದೇನೆ. ಒಂದೊಂದರ ಮೇಲೂ ಕೆಂಪು ಟೇಪ್.

ಇನ್ನೆರಡು ದಾರಿಗಳು

ಐಪಿಎಯನ್ನೇ ಮಾಡುವವರಿಗೆ ಗಸಿ ಎತ್ತಿಡುವುದು ಕಷ್ಟ. ಅವರು ಸ್ಟಾರ್ಟರಿನಿಂದಲೇ ಉಳಿಸಲಿ. ಬೇಕಾದದ್ದಕ್ಕಿಂತ ಅರ್ಧ ಲೀಟರ್ ಜಾಸ್ತಿ ಸ್ಟಾರ್ಟರ್ ಮಾಡಿ, ಬಿಯರಿಗೆ ಹಾಕುವ ಮೊದಲೇ ಅಷ್ಟನ್ನು ಜಾರಿಗೆ ತೆಗೆದಿಟ್ಟರೆ ಆಯಿತು. ಹಾಪ್ಸ್ ಇಲ್ಲ, ಕಸ ಇಲ್ಲ, ಆಲ್ಕೋಹಾಲ್ ಪೆಟ್ಟು ಇಲ್ಲ. ಎಲ್ಲಕ್ಕಿಂತ ಸ್ವಚ್ಛ ದಾರಿ ಇದು.

ಎರಡನೆಯದು ನಾರ್ವೆಯ ಕ್ವೈಕ್. ನಾರ್ವೆಯ ಪಶ್ಚಿಮ ಭಾಗದ ವೊಸ್, ಹೊರ್ನಿಂಡಾಲ್ ಕಡೆಯ ರೈತ ಮನೆಗಳಲ್ಲಿ ತಲೆಮಾರುಗಳಿಂದ ಉಳಿದು ಬಂದ ಯೀಸ್ಟ್ ಇದು. ಅಲ್ಲಿಯವರು ಮರದ ತುಂಡುಗಳನ್ನು ಜೋಡಿಸಿದ ಬಳೆಯನ್ನು ಯೀಸ್ಟಿನಲ್ಲಿ ಅದ್ದಿ, ಒಣಗಲು ತೂಗುಹಾಕಿ, ಮುಂದಿನ ಬಿಯರಿಗೆ ಅದನ್ನೇ ವರ್ಟ್‌ನಲ್ಲಿ ಇಳಿಸುತ್ತಿದ್ದರು. ಯಾವ ಲ್ಯಾಬೂ ಇಲ್ಲದೆ ಇಷ್ಟು ಕಾಲ ಅದನ್ನು ಕಾಪಾಡಿದ ಆ ಮನೆಗಳ ಬಗ್ಗೆ ನನಗೆ ದೊಡ್ಡ ಗೌರವ. ಈ ಯೀಸ್ಟ್ 35 ಡಿಗ್ರಿ ಮೇಲೂ ಕೆಟ್ಟ ರುಚಿ ಬಿಡದೆ ಕೆಲಸ ಮಾಡುತ್ತದೆ, ಒಣಗಿಸಿದರೂ ಸುಲಭವಾಗಿ ಸಾಯುವುದಿಲ್ಲ. ಬೇಕಿಂಗ್ ಕಾಗದದ ಮೇಲೆ ಗಟ್ಟಿ ಗಸಿಯನ್ನು ತೆಳ್ಳಗೆ ಹರಡಿ, 30 ಡಿಗ್ರಿ ಆಸುಪಾಸಿನಲ್ಲಿ ಒಂದೆರಡು ದಿನ ಒಣಗಿಸಿ. ಗರಿಗರಿಯಾದ ಮೇಲೆ ಪುಡಿ ಮಾಡಿ ಜಿಪ್ ಚೀಲದಲ್ಲಿ ಹಾಕಿ. ಇದನ್ನು ಮಾತ್ರ ಫ್ರೀಜರಿನಲ್ಲಿ ಇಡಬಹುದು, ಒಣಗಿದ್ದರಲ್ಲಿ ಹರಳಾಗಲು ನೀರಿರುವುದಿಲ್ಲ.

ಜಾರ್ ಜಾಸ್ತಿಯಾದರೆ ಗೆಳೆಯರಿಗೆ ಕೊಡಿ. ಕೊಡುವಾಗ ಚೀಟಿಯಲ್ಲಿ ತಲೆಮಾರು ಮತ್ತು ತಾರೀಕು ಇರಲಿ. ಹಿಂದಿನ ಬಿಯರಿನ ಒಂದು ಬಾಟಲಿಯೂ ಜೊತೆಗಿರಲಿ. ಅದನ್ನು ಕುಡಿದು ನೋಡಿದರೆ ಯೀಸ್ಟ್ ಹೇಗಿದೆ ಎಂದು ಅವರಿಗೇ ತಿಳಿಯುತ್ತದೆ. ಜಾರನ್ನು ಐಸ್ ಪ್ಯಾಕ್ ಹಾಕಿದ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿ ಒಯ್ಯಲು ಹೇಳಿ, ಮುಚ್ಚಳ ಸಡಿಲ ಇದೆ ಅಂತಲೂ ಹೇಳಿ.